ಲೆಕ್ಕಕ್ಕೆ ಬಾರದ ಹೊಗೆ

ಪರರ ಬಲವನ್ನು ಅಳೆಯುವುದು ಸೇನೆಗಳಿಗೆ ಹಳೆಯ ವಿದ್ಯೆ; ತಮ್ಮಿಂದಾಗುವ ಹಾನಿಯನ್ನು ಅಳೆಯುವುದು ಹೊಸ ಪಾಠ. ಅಮೆರಿಕ ಮತ್ತು ಯುರೋಪಿನ ರಾಷ್ಟ್ರಗಳ ಸೇನಾಕೂಟವಾದ ನ್ಯಾಟೋ ಇದಕ್ಕೆ ನಿದರ್ಶನವಾಗಿದೆ.

1949ರಲ್ಲಿ 12 ರಾಷ್ಟ್ರಗಳು ಪರಸ್ಪರ ರಕ್ಷಣೆಗಾಗಿ ಈ ಕೂಟವನ್ನು ಕಟ್ಟಿದವು. 1969ರಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ನರ ಸೂಚನೆಯಂತೆ, ಆಧುನಿಕ ಸಮಾಜದ ಸವಾಲುಗಳನ್ನು ಪರಿಶೀಲಿಸುವ ಸಮಿತಿಯೊಂದನ್ನು ಅದು ನೇಮಿಸಿತು. ಗಾಳಿ, ನೀರುಗಳ ಮಾಲಿನ್ಯವು ಆ ಸಮಿತಿಯ ವಿಷಯಗಳಲ್ಲೊಂದಾಗಿತ್ತು. ಮುಂದೆ 2010ರಲ್ಲಿ ಲಿಸ್ಬನ್ನಿನಲ್ಲಿ ಅಂಗೀಕರಿಸಿದ ರಕ್ಷಣಾ ನೀತಿಯಲ್ಲಿ ಹವಾಮಾನ ಬದಲಾವಣೆಯ ಹೆಸರು ಕಾಣಿಸಿಕೊಂಡಿತು.

ಈ ಚಿಂತೆಗೆ ಕಾರಣಗಳಿಲ್ಲದಿಲ್ಲ. ಉತ್ತರಧ್ರುವ ಪ್ರದೇಶದ ಹಿಮ ಕರಗಿ, ಅಲ್ಲಿ ಹೊಸ ಜಲಮಾರ್ಗಗಳೂ ಅವುಗಳೊಡನೆ ಹೊಸ ಪೈಪೋಟಿಯೂ ಹುಟ್ಟುತ್ತಿವೆ. ಕೂಟದ ಒಂದು ಪ್ರಧಾನ ಕಮಾಂಡ್ ಕಚೇರಿಯಿರುವ ಅಮೆರಿಕದ ನಾರ್‌ಫೋಕ್ ನಗರಕ್ಕೆ ಏರುತ್ತಿರುವ ಸಮುದ್ರವೇ ಅಪಾಯ ತಂದೊಡ್ಡಿದೆ. ಕಾಳ್ಗಿಚ್ಚು, ನೆರೆಹಾವಳಿಗಳಲ್ಲಿ ಜನರನ್ನು ಕಾಪಾಡಲು ಸೈನಿಕರೇ ಹೋಗಬೇಕಾಗುತ್ತದೆ. ಆದುದರಿಂದ 2021ರ ಬ್ರಸೆಲ್ಸ್ ಸಮ್ಮೇಳನವು ಹವಾಮಾನ ಮತ್ತು ಭದ್ರತೆಯ ಕುರಿತ ಕಾರ್ಯಯೋಜನೆಯನ್ನು ಒಪ್ಪಿತು. 2022ರಲ್ಲಿ ಮ್ಯಾಡ್ರಿಡ್‌ನಲ್ಲಿ, ಕೂಟದ ಸ್ವಂತ ಕಚೇರಿ ಮತ್ತು ನೆಲೆಗಳ ಇಂಗಾಲವನ್ನು 2030ರೊಳಗೆ ಶೇಕಡಾ 45ರಷ್ಟಾದರೂ ತಗ್ಗಿಸಿ, 2050ಕ್ಕೆ ನಿವ್ವಳ ಶೂನ್ಯಕ್ಕೆ ತರುವ ಗುರಿಯನ್ನು ಪ್ರಕಟಿಸಲಾಯಿತು.

ಸಂಕಲ್ಪವೇನೋ ಸ್ತುತ್ಯರ್ಹ. ಆದರೆ ಲೆಕ್ಕದ ಪುಸ್ತಕ ಪೂರ್ತಿಯಾಗಿ ತೆರೆದಿಲ್ಲ. 2023ರಲ್ಲಿ ನ್ಯಾಟೋ ಪ್ರಕಟಿಸಿದ ಗಣನಾ ವಿಧಾನದಲ್ಲಿ ಯುದ್ಧ ಕಾರ್ಯಾಚರಣೆಗಳೂ ಸಮರಾಭ್ಯಾಸಗಳೂ ಸೇರಿಲ್ಲ. ಸದಸ್ಯ ರಾಷ್ಟ್ರಗಳ ವಿಮಾನ, ಹಡಗು, ಟ್ಯಾಂಕುಗಳು ಆಯಾ ರಾಷ್ಟ್ರದ ಹೊಣೆಗೆ ಬಿಟ್ಟ ಬಾಬತ್ತು. ಈ ವಿನಾಯಿತಿಗೆ ಹಿಂದಿನ ಮೇಲ್ಪಂಕ್ತಿಯೂ ಉಂಟು. 1997ರ ಕ್ಯೋಟೋ ಮಾತುಕತೆಯಲ್ಲಿ, ವಿಶ್ವಸಂಸ್ಥೆಯ ಸನ್ನದಿಗೆ ಅನುಗುಣವಾದ ಬಹುರಾಷ್ಟ್ರೀಯ ಕಾರ್ಯಾಚರಣೆಗಳ ಹೊಗೆಯನ್ನು ರಾಷ್ಟ್ರಗಳ ಒಟ್ಟು ಲೆಕ್ಕದಿಂದ ಹೊರಗಿಡಲಾಯಿತು. 2015ರ ಪ್ಯಾರಿಸ್ ಒಪ್ಪಂದದ ನಂತರವೂ ಸೇನೆಯ ಲೆಕ್ಕವನ್ನು ಪ್ರತ್ಯೇಕವಾಗಿ ಒಪ್ಪಿಸುವುದು ಕಡ್ಡಾಯವಾಗಲಿಲ್ಲ.

2022ರ ಉಕ್ರೇನ್ ಯುದ್ಧದ ಬಳಿಕ ಗಮನವು ಮತ್ತೆ ಶಸ್ತ್ರಾಸ್ತ್ರಗಳತ್ತ ತಿರುಗಿತು. 2025ರ ಹೇಗ್ ಸಮ್ಮೇಳನದಲ್ಲಿ ಸದಸ್ಯ ರಾಷ್ಟ್ರಗಳು 2035ರೊಳಗೆ ರಕ್ಷಣೆ ಮತ್ತು ಸಂಬಂಧಿತ ಭದ್ರತೆಗೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 5ರಷ್ಟು ವ್ಯಯಿಸಲು ಸಮ್ಮತಿಸಿದವು. ಆ ಘೋಷಣೆಯಲ್ಲಿ ಹವಾಮಾನದ ಪ್ರಸ್ತಾಪವೇ ಇಲ್ಲ.

ರಕ್ಷಣೆ ಬೇಡವೆಂದು ಯಾರೂ ಹೇಳಲಾರರು. ದಾಳಿಗೊಳಗಾದವನಿಗೆ ಕಾವಲು ಬೇಕೇಬೇಕು. ಆದರೆ ಬರಬೇಕಾದ ಬಾಕಿಯನ್ನು ಮಾತ್ರ ಬರೆದು ಕೊಡಬೇಕಾದುದನ್ನು ಮರೆಯುವ ಖಾತೆಯನ್ನು ಯಾವ ಪ್ರಾಮಾಣಿಕ ವರ್ತಕನೂ ಒಪ್ಪನು. ಹವಾಮಾನದಿಂದ ತಮಗೊದಗುವ ಅಪಾಯವನ್ನು ಎಣಿಸುವ ಸೇನೆಗಳು, ತಮ್ಮಿಂದ ಹವಾಮಾನಕ್ಕೆ ಒದಗುವ ಅಪಾಯವನ್ನೂ ಅದೇ ಪುಟದಲ್ಲಿ ಬರೆಯುವುದು ನ್ಯಾಯ.