ಹಳೇ ಮನೆ ಗೋಡೆಗೆ ಸಿಮೆಂಟ್ ಬಳಿಯುವ ಮುನ್ನ: ಶ್ರೀರಂಗಪಟ್ಟಣದ ಮಾಲೀಕರು, ಅಂಗಡಿಯವರು ತಿಳಿದಿರಬೇಕಾದ್ದು

ಶ್ರೀರಂಗಪಟ್ಟಣ: ಹಳೇ ಹೆಂಚಿನ ಮನೆಯ ಹೊರಗೋಡೆ ಉದುರಲು ಶುರುವಾದರೆ ಮೊದಲು ಬರುವುದು ಸಿಮೆಂಟ್ ಮೂಟೆ. 'ಸಿಮೆಂಟ್ ಬಳಿದ್ರೆ ಗಟ್ಟಿ' ಅನ್ನೋದು ಎಲ್ಲರ ಲೆಕ್ಕ. ಹೊಸ ಮನೆಗೆ ಈ ಲೆಕ್ಕ ಸರಿ. ಸುಣ್ಣದ ಗಾರೆ ಅಥವಾ ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಇದು ತಲೆಕೆಳಗು.

ಹಳೇ ಗೋಡೆಯ ತಳದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಇಟ್ಟಿಗೆಯೊಳಗೆ ಮೇಲೇರಿ ಸುಣ್ಣದ ಪದರದ ಮೂಲಕ ಗಾಳಿಗೆ ಆರಿ ಹೋಗುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚುತ್ತದೆ. ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ, ಜೊತೆಗೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗೆ ನುಣುಪು, ಒಳಗೆ ಹಿಟ್ಟು. ಸಿಮೆಂಟ್ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಣ್ಣವೂ ಬಿದ್ದರೆ ಕೇಳುವುದೇ ಬೇಡ.

ಈಗಾಗಲೇ ಸಿಮೆಂಟ್ ಬಳಿದವರು ಗಾಬರಿಯಾಗಿ ಕಿತ್ತು ಹಾಕಬೇಕಿಲ್ಲ. ತಟ್ಟಿ ನೋಡಿ, ಟೊಳ್ಳು ಶಬ್ದ ಬಂದ ಕಡೆ ಮಾತ್ರ ತೆಗೆಯಬೇಕು. ಬಿಗಿಯಾಗಿ ಕಚ್ಚಿಕೊಂಡ ಕಡೆ ಕೀಳಲು ಹೋದರೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆ.

ಮೊದಲು ನೀರು, ಆಮೇಲೆ ಗಾರೆ

ಗಾರೆ ಮುಟ್ಟುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಒಡೆದ ಹೆಂಚು, ತೂತಾದ ದೋಣಿ, ಗೋಡೆ ಬುಡಕ್ಕೇ ಸುರಿಯುವ ಪೈಪು. ಇನ್ನೊಂದು ನಮ್ಮ ಊರುಗಳ ಹಳೇ ರೋಗ: ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಮೇಲೇರುತ್ತದೆ, ಜಗಲಿ ಕೆಳಗಾಗುತ್ತದೆ. ಬುಡದ ಉದ್ದಕ್ಕೂ ಕಿರುಕಾಲುವೆ ತೆಗೆದು ಜಲ್ಲಿ ತುಂಬಿ, ನೀರು ಚರಂಡಿಗೆ ಹೋಗುವಂತೆ ಇಳಿಜಾರು ಕೊಟ್ಟರೆ ಅರ್ಧ ಕೆಲಸ ಆದಂತೆ. ಜಗಲಿಗೆ ಸೆರಾಮಿಕ್ ಟೈಲ್ಸ್ ಅಂಟಿಸಿದರೆ ಅಲ್ಲಿ ಆರಬೇಕಾದ ತೇವವೂ ಗೋಡೆಗೇ ಹೋಗುತ್ತದೆ.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಗುಂಡಿಯಲ್ಲಿ ಕೆಲವು ವಾರ ಮುಚ್ಚಿಟ್ಟು ಹದ ಮಾಡಬೇಕು. ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಮಕ್ಕಳನ್ನು ದೂರ ಇಡಿ. ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವದ ಜಾಗಕ್ಕೆ ಮರಳಿನ ಒಂದಷ್ಟು ಪಾಲಿನ ಬದಲು ಇಟ್ಟಿಗೆ ಪುಡಿ ಹಾಕುತ್ತಾರೆ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಬೆರೆಸುವ ಪದ್ಧತಿ ಹಳೆಯದು. ಗೋಡೆಯನ್ನು ಚೆನ್ನಾಗಿ ನೆನೆಸಿ ತೆಳುವಾದ ಪದರಗಳಲ್ಲಿ ಬಳಿಯಬೇಕು, ಒದ್ದೆ ಗೋಣಿ ಕಟ್ಟಿ ನೆರಳು ಕೊಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ, ಅದೂ ನಿಧಾನವಾಗಿ. ಮೂರೇ ದಿನದಲ್ಲಿ ಮುಗಿಸಿಕೊಡ್ತೀನಿ ಅನ್ನುವ ಮೇಸ್ತ್ರಿಗೆ ಈ ಕೆಲಸ ಒಗ್ಗದು. ಕೊನೆಗೆ ಸುಣ್ಣದ ತಿಳಿಯನ್ನು ಮೂರ್ನಾಲ್ಕು ಕೈ ತೆಳ್ಳಗೆ ಹೊಡೆದರೆ ಸಾಕು.

ಇಷ್ಟಕ್ಕೂ ಸಂರಕ್ಷಣೆಯ ಮೂಲ ನಿಯಮ ಸರಳ: ಇರುವುದನ್ನು ಉಳಿಸು, ಹಾಳಾದಷ್ಟನ್ನೇ ದುರಸ್ತಿ ಮಾಡು, ಬದಲಿಸಲೇಬೇಕಾದರೆ ಅದೇ ಸಾಮಗ್ರಿ ಬಳಸು. ಕಾನೂನಿನ ರಕ್ಷಣೆ ಇಲ್ಲದ ಹಳೇ ಕಟ್ಟಡಗಳಿಗಾಗಿ ಇಂಟಾಕ್ ಸಂಸ್ಥೆ 2004ರಲ್ಲಿ ತಂದ ಸನ್ನದಿನ ಆಶಯವೂ ಇದೇ. ಕಂಬದ ಬುಡ ಕೊಳೆತಿದ್ದರೆ ಕೊಳೆತಷ್ಟು ಕತ್ತರಿಸಿ ಅದೇ ಜಾತಿಯ ಮರ ಬೆಸೆಯಬಹುದು. ಇಡೀ ಕಂಬ ತೆಗೆದು ಕಾಂಕ್ರೀಟ್ ನಿಲ್ಲಿಸಬೇಕಿಲ್ಲ.

ಅಂಗಡಿಯವರಿಗೆ: ಮುಂಭಾಗಕ್ಕೆ ಪೂರ್ತಿ ಶೀಟು ಹೊಡೆದರೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಬೋರ್ಡನ್ನು ಬಾಗಿಲಿನ ಅಳತೆಯೊಳಗೆ ಕೂರಿಸಿ. ಮೊಳೆ ಹೊಡೆಯಲೇಬೇಕಾದರೆ ಇಟ್ಟಿಗೆಗಲ್ಲ, ಸಂದಿಯ ಗಾರೆಗೆ.

100 ಮೀಟರ್ ಲೆಕ್ಕ

ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ, ದರಿಯಾ ದೌಲತ್, ಗುಂಬಜ್ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳು. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಳತೆ ಗೋಪುರದಿಂದಲ್ಲ, ಗಡಿಯಿಂದ. ಇಲ್ಲೇ ಹಲವರು ಎಡವುವುದು.

ನಿಷೇಧಿತ ವಲಯದಲ್ಲಿ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆದರೆ ಕಾನೂನಿನ ಕಣ್ಣಲ್ಲಿ ಕೆಡವಿ ಮತ್ತೆ ಕಟ್ಟುವುದು ದುರಸ್ತಿಯಲ್ಲ. ಅಂದರೆ ಈ ವಲಯದಲ್ಲಿ ಗೋಡೆ ಕೈಯಾರೆ ಹಾಳಾಗಿ ಮನೆ ಬಿದ್ದರೆ, ಅದೇ ಜಾಗದಲ್ಲಿ ಮತ್ತೊಂದು ಏಳಿಸುವುದು ಕಷ್ಟ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಗಾರೆ ಕೆಲಸಕ್ಕೆ ದೀಪಾವಳಿಯಿಂದ ಶಿವರಾತ್ರಿವರೆಗಿನ ಕಾಲ ಒಳ್ಳೆಯದು, ಮಳೆಯೂ ಇಲ್ಲ, ಸುಡುವ ಬಿಸಿಲೂ ಇಲ್ಲ. ಮನೆಯ ನಾಲ್ಕೂ ಕಡೆ ಫೋಟೊ ತೆಗೆದಿಟ್ಟುಕೊಂಡು, ಅರ್ಜಿಯನ್ನು ಮಾತ್ರ ಮಳೆಗಾಲದಲ್ಲೇ ಹಾಕಿಬಿಡಬೇಕು.