ಹೊಸ್ತಿಲ ಪಕ್ಕದ ಗಂಟು

ನನ್ನ ತವರು ಐರಣಿ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಹತ್ತಿಕೊಂಡಿರುವ ಊರು. ಮಳೆಗಾಲ ಬಂತೆಂದರೆ ನಮ್ಮ ಮನೆಯ ಹೊಸ್ತಿಲ ಪಕ್ಕದ ಗೂಟಕ್ಕೆ ಅಜ್ಜಿ ಒಂದು ಗಂಟು ನೇತುಹಾಕುತ್ತಿದ್ದಳು. ಅದರಲ್ಲಿ ತಿನ್ನಲು ಏನೋ ಇದೆಯೆಂದು ಸಣ್ಣವಳಿದ್ದಾಗ ಬಿಚ್ಚಿ ನೋಡಿ ಪೆಟ್ಟು ತಿಂದದ್ದು ಇನ್ನೂ ನೆನಪಿದೆ. ಒಳಗಿದ್ದದ್ದು ಒಂದು ಹಳೆಯ ಸೀರೆ, ಉಪ್ಪು, ಬೆಂಕಿಪೊಟ್ಟಣ, ನಾಲ್ಕು ಖಡಕ್ ರೊಟ್ಟಿ ಮತ್ತು ಒಂದು ಬೊಗಸೆ ಬಿತ್ತನೆ ಜೋಳ. ರೊಟ್ಟಿ ಹಳತಾದಾಗ ಬದಲಾಗುತ್ತಿದ್ದವು. ಗಂಟು ಮಾತ್ರ ದೀಪಾವಳಿಯವರೆಗೆ ಗೂಟ ಬಿಟ್ಟು ಇಳಿಯುತ್ತಿರಲಿಲ್ಲ.

ಊರು ಬಿಟ್ಟು ಹೊರಡುವುದು ನಮ್ಮ ಭಾಗದ ಜನಕ್ಕೆ ಹೊಸದಲ್ಲ. ನಾನು ಮಕ್ಕಳಿಗೆ ಇತಿಹಾಸ ಹೇಳುವವಳು. 1800ರ ಜೂನಿನಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿಯ ಸೈನ್ಯ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿನ ಕೋಟೆಯನ್ನು ಹಿಡಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಧೋಂಡಿಯಾ ಯುದ್ಧದಲ್ಲಿ ಸತ್ತ. ಪುಸ್ತಕದಲ್ಲಿ ಇಷ್ಟಿದೆ. ದಂಡು ಬರುವ ಸುದ್ದಿ ಕೇಳಿದ ರಾತ್ರಿ ಹೆಂಗಸರು ಏನನ್ನು ಹೊತ್ತುಕೊಂಡರು, ಏನನ್ನು ಬಿಟ್ಟರು ಎಂಬುದು ಯಾವ ಪುಟದಲ್ಲಿಯೂ ಇಲ್ಲ. ಆದರೆ ನಮ್ಮ ಸೀಮೆಯ ಹಳೆಯ ಮನೆಗಳನ್ನು ನೋಡಿದವರಿಗೆ ಹಗೇವು ಗೊತ್ತು. ನೆಲದೊಳಗೆ ತೋಡಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಬಿಟ್ಟರೆ ಮೇಲೆ ನಡೆದಾಡುವವರಿಗೆ ಸುಳಿವು ಸಿಗದು. ಭಾರವಾದದ್ದನ್ನು ಭೂಮಿಗೆ ಒಪ್ಪಿಸಿ, ಹಗುರವಾದದ್ದನ್ನು ತಲೆಯ ಮೇಲಿಟ್ಟುಕೊಂಡು ಹೊರಡುವ ಲೆಕ್ಕ ಅದು.

ಅಜ್ಜಿಯ ಗಂಟಿಗೆ ಕಾರಣ ಮಾತ್ರ ದಂಡಲ್ಲ, ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಈ ರೋಗ ಒಂದೆರಡು ವರ್ಷಗಳಲ್ಲಿಯೇ ಆಗಿನ ಧಾರವಾಡ ಜಿಲ್ಲೆಗೆ ಕಾಲಿಟ್ಟಿತು. 1898ರಲ್ಲಿ ಹುಬ್ಬಳ್ಳಿಯ ಜನಕ್ಕೆ ಹಾಫ್‌ಕಿನ್ ತಯಾರಿಸಿದ ಲಸಿಕೆಯನ್ನು ಸಾವಿರಾರು ಸಂಖ್ಯೆಯಲ್ಲಿ ಚುಚ್ಚಿದರು. ಮುಂದಿನ ಎರಡು ದಶಕಗಳಲ್ಲಿ ರೋಗ ಮತ್ತೆ ಮತ್ತೆ ಬರುತ್ತಲೇ ಇತ್ತು. ನನ್ನ ಅಜ್ಜಿ ಆಗ ಐದಾರು ವರ್ಷದವಳಂತೆ.

"ಮಾಡಿನಿಂದ ಒಂದು ಇಲಿ ಸತ್ತು ಬಿತ್ತಂದ್ರ ಮುಗೀತವ್ವ. ಒಲಿ ಮ್ಯಾಲಿನ ಗಡಿಗಿ ಹಂಗ ಬಿಟ್ಟು ಹೊಲಕ್ಕ ಹೊಂಡತಿದ್ವಿ" ಎನ್ನುತ್ತಿದ್ದಳು. ಹೊಲದಲ್ಲಿ ಜೋಳದ ದಂಟಿನ ಗುಡಿಸಲು. ಹಾಸಲಿಕ್ಕೆ ಹೊದೆಯಲಿಕ್ಕೆ ಮೆಡ್ಲೇರಿಯ ಕಂಬಳಿ. ದನಕರುಗಳೂ ಜೊತೆಗೆ. ಆ ವರ್ಷ ಗಡಿಬಿಡಿಯಲ್ಲಿ ಬಿತ್ತನೆಯ ಜೋಳ ಮನೆಯಲ್ಲೇ ಉಳಿಯಿತು. ಹಿಂಗಾರಿಯ ಹದ ತಪ್ಪುತ್ತದೆಂದು ಅಜ್ಜಿಯ ತಾಯಿ ಮೂರನೆಯ ದಿನ ಯಾರಿಗೂ ಹೇಳದೆ ಊರೊಳಗೆ ಹೋಗಿ, ಬೀಜದ ಚೀಲ ಹೊತ್ತು ತಂದಳು. ಕೆಲವೇ ದಿನಗಳಲ್ಲಿ ಜ್ವರ ಬಂತು, ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಗುಡಿಸಲಿನಲ್ಲಿಯೇ ತೀರಿಕೊಂಡಳು. ಆ ಬೀಜವನ್ನೇ ಆ ವರ್ಷ ಬಿತ್ತಿದರು. ಆ ಜೋಳದ ರೊಟ್ಟಿ ತಿಂದು ಅಜ್ಜಿ ಬೆಳೆದಳು.

ಬಿ.ಎ. ಓದುವಾಗ ನನಗೆ ಇದರ ಕಾರಣ ತಿಳಿಯಿತು. ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಕಂಡುಹಿಡಿದ. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ಬರುತ್ತದೆಂದು 1898ರಲ್ಲಿ ಕರಾಚಿಯಲ್ಲಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿದ. ಇಲಿ ಸತ್ತು ತಣ್ಣಗಾದ ಮೇಲೆ ಚಿಗಟಗಳು ಅದನ್ನು ಬಿಟ್ಟು ಬಿಸಿರಕ್ತದ ಬೇರೆ ದೇಹಕ್ಕಾಗಿ ಕಾಯುತ್ತವೆ. ಜನ ಬಿಟ್ಟುಹೋದ ಮನೆಯಲ್ಲಿ ಅವು ಹಸಿದು ಕೂತಿರುತ್ತವೆ. ಅಲ್ಲಿಗೆ ಆ ತಾಯಿ ಹೋಗಿದ್ದಳು. ಇದನ್ನು ಅಜ್ಜಿಗೆ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, "ಮದ್ಲ ಕಟ್ಟಿಟ್ಟಿದ್ರ ಹೋಗತಿದ್ದಿಲ್ಲ" ಎಂದಳು. ಗಂಟಿನಲ್ಲಿ ಬಿತ್ತನೆ ಜೋಳ ಯಾಕಿತ್ತೆಂದು ನನಗೆ ಅಂದು ಅರ್ಥವಾಯಿತು.

ಅಜ್ಜಿ ಹೋದ ಮೇಲೆ ಗಂಟೂ ಹೋಯಿತು. ಗೂಟಕ್ಕೆ ನನ್ನ ತಮ್ಮ ಮೋಟಾರ್ ಸೈಕಲ್ಲಿನ ಕೀಲಿಕೈ ತೂಗುಹಾಕತೊಡಗಿದ.

2019ರ ಆಗಸ್ಟಿನಲ್ಲಿ ಮಲೆನಾಡಿನಲ್ಲಿ ಮಳೆ ನಿಲ್ಲಲಿಲ್ಲ. ಗಾಜನೂರಿನ ತುಂಗಾ ಜಲಾಶಯದಿಂದ ಬಿಟ್ಟ ನೀರು ಕೂಡಲಿ ದಾಟಿ, ಹರಿಹರ ದಾಟಿ ನಮ್ಮ ಕಡೆಗೆ ಬರುತ್ತದೆ. ನಾನಾಗ ರಾಣೆಬೆನ್ನೂರಿನಲ್ಲಿದ್ದೆ. ಸುದ್ದಿ ತಿಳಿದು ಊರಿಗೆ ಹೋಗುವಷ್ಟರಲ್ಲಿ ನಮ್ಮ ಕೇರಿಯವರು ಎತ್ತರದ ಶಾಲೆಯೊಂದರಲ್ಲಿ ಸೇರಿದ್ದರು. ಅವ್ವ ಜಗಲಿಯ ದೇವರು, ಕುಕ್ಕರು ಮತ್ತು ಮೊಮ್ಮಗಳ ಮದುವೆಗೆಂದು ತೆಗೆದಿಟ್ಟ ಎರಡು ಸೀರೆ ತಂದಿದ್ದಳು. ರಾತ್ರಿ ಎಂಟರ ಹೊತ್ತಿಗೆ ಆಕೆಗೆ ನೆನಪಾಯಿತು: ಬಿ.ಪಿ. ಗುಳಿಗೆ ಇಲ್ಲ, ಹೊಲದ ಕಾಗದ ಇಲ್ಲ, ರೇಷನ್ ಕಾರ್ಡ್ ಇಲ್ಲ.

"ನಾ ಈಗ ಹೋಗಿ ಬರ್ತೀನಿ, ನೀರು ಇನ್ನೂ ಅಂಗಳದಾಗ ಐತಿ" ಎಂದು ಎದ್ದೇಬಿಟ್ಟಳು.

"ಯವ್ವಾ, ಸುಮ್ಮನ ಕೂಡು" ಎಂದು ನಾನು ಕೈ ಹಿಡಿದು ಕೂಡಿಸಿದೆ. ಆಕೆಯನ್ನು ತಡೆಯುವಷ್ಟರಲ್ಲಿ ತಮ್ಮ ಟಾರ್ಚು ಹಿಡಿದು ಹೋಗಿಯಾಗಿತ್ತು. ಒಂದೂವರೆ ತಾಸು. ಶಾಲೆಯ ಬಾಗಿಲಲ್ಲಿ ನಿಂತ ನನಗೆ ಹೊಳೆಯ ಸಪ್ಪಳದ ಜೊತೆಗೆ ಅಜ್ಜಿಯ ತಾಯಿಯೇ ಕಣ್ಣಮುಂದೆ ಬರುತ್ತಿದ್ದಳು. ತಮ್ಮ ಎದೆಮಟ ತೊಯ್ದು ಬಂದ. ಗುಳಿಗೆ ಸಿಕ್ಕಿದ್ದವು. ಕಾಗದಗಳು ನೆನೆದು ಹಿಟ್ಟಾಗಿದ್ದವು. ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕಲು ಅವ್ವನನ್ನು ಕರೆದುಕೊಂಡು ಎಷ್ಟು ಸಲ ಅಲೆದೆನೋ ಲೆಕ್ಕವಿಲ್ಲ.

ಆ ವರ್ಷದಿಂದ ಗಂಟು ಮತ್ತೆ ಬಂದಿದೆ. ಈಗ ಅದು ನನ್ನ ಹಳೆಯ ಶಾಲಾ ಚೀಲ. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿಗಳ ಪ್ರತಿಗಳು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿವೆ. ಅವ್ವನ ಒಂದು ವಾರದ ಗುಳಿಗೆ, ವೈದ್ಯರ ಚೀಟಿ, ಹಳೆಯ ಕನ್ನಡಕ, ಓ.ಆರ್.ಎಸ್. ಪುಡಿ, ಟಾರ್ಚು, ಮೊಬೈಲ್ ಚಾರ್ಜರ್, ಚಿಲ್ಲರೆ ಹಣ. ತಿನ್ನಲು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಚುರುಮುರಿ. ಹೊರಡುವಾಗ ತುಂಬಿಕೊಳ್ಳಲು ಮುಚ್ಚಳವಿರುವ ಎರಡು ಬಾಟಲಿ. ನೆರೆ ಬಂದಾಗ ಸುತ್ತೆಲ್ಲ ನೀರಿದ್ದರೂ ಕುಡಿಯಲು ಇರುವುದಿಲ್ಲ. ಜಿಲ್ಲಾ ಸಹಾಯವಾಣಿ 1077 ಮತ್ತು ತುರ್ತು ಸಂಖ್ಯೆ 112 ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿವೆ; ಮೊಬೈಲ್ ಸತ್ತರೆ ಅದರೊಳಗಿನ ನಂಬರೂ ಸತ್ತಂತೆ.

ಇನ್ನೊಂದು ಮಾತನ್ನು ಹೆಂಗಸರು ಹೆಂಗಸರಲ್ಲೇ ಹೇಳಿಕೊಳ್ಳಬೇಕು. ಅಂದು ಶಾಲೆಯಲ್ಲಿ ಇಬ್ಬರು ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ ಕೂತವರು ಏಳಲೇ ಇಲ್ಲ. ತಿಂಗಳ ದಿನಗಳು, ಬದಲಾಯಿಸಲು ಬಟ್ಟೆಯಿರಲಿಲ್ಲ. ಅವರ ತಾಯಂದಿರು ಎಲ್ಲರಿಗಾಗಿ ಏನೇನೋ ಹೊತ್ತು ತಂದಿದ್ದರು, ಇದೊಂದನ್ನು ಬಿಟ್ಟು. ಅದಕ್ಕೇ ಚೀಲದ ಹೊರಜೇಬಿನಲ್ಲಿ ಪ್ಯಾಡುಗಳನ್ನೂ ಒಂದೆರಡು ಒಳಬಟ್ಟೆಗಳನ್ನೂ ಇಟ್ಟಿದ್ದೇನೆ.

ಪ್ರತಿ ವರ್ಷ ಮೇ ಕೊನೆಯಲ್ಲಿ ಊರಿಗೆ ಹೋಗಿ ಚೀಲ ಬಿಚ್ಚುತ್ತೇನೆ. ಅವಧಿ ಮುಗಿದ ಗುಳಿಗೆ, ಹಳಸಿದ ಚಟ್ನಿ ತೆಗೆದು ಹೊಸದನ್ನು ಇಡುತ್ತೇನೆ. ಕಳೆದ ಸಲ ಅವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಒಳಗೆ ಹೋಗಿ ಮುಷ್ಟಿಯಲ್ಲಿ ಏನೋ ತಂದಳು. ಬಿತ್ತನೆ ಜೋಳ.

"ಈಗ ಬೀಜ ಅಂಗಡ್ಯಾಗ ಸಿಗತಾವಲ್ಲ ಯವ್ವಾ" ಎಂದೆ.

"ಸಿಗಲಿ ಬಿಡು. ಇದೂ ಇರಲಿ" ಎಂದಳು.

ಒಂದು ಚಿಂದಿಯಲ್ಲಿ ಕಟ್ಟಿ ಒಳಗಿಟ್ಟೆ. ಚೀಲ ಈಗ ಅದೇ ಗೂಟದಲ್ಲಿದೆ.