ಬಿನ್ ಇಯತ್ತೆಯಿಂದ ಅಂಗನವಾಡಿಯವರೆಗೆ

ಹಿಂದಿನ ಮುಂಬಯಿ ಪ್ರಾಂತದ ಕನ್ನಡ ಶಾಲೆಗಳಲ್ಲಿ ಒಂದನೆಯ ಇಯತ್ತೆಗಿಂತ ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ಅದಕ್ಕೆ ‘ಬಿನ್ ಇಯತ್ತೆ’ ಎಂದು ಹೆಸರು. ಮರಾಠಿಯಿಂದ ಬಂದ ಈ ಮಾತಿನ ಅರ್ಥ, ಇಯತ್ತೆಯೇ ಇಲ್ಲದ್ದು ಎಂದು. ಸಣ್ಣ ಮಕ್ಕಳ ವಿದ್ಯಾಭ್ಯಾಸವನ್ನು ನಮ್ಮ ರಾಜ್ಯಾಡಳಿತಗಳು ಯಾವ ಕಣ್ಣಿನಿಂದ ನೋಡುತ್ತ ಬಂದವು ಎಂಬುದನ್ನು ಈ ಒಂದು ಹೆಸರೇ ಹೇಳುತ್ತದೆ. ಮಕ್ಕಳು ಇದ್ದರು, ಅವರಿಗೆಂದು ಒಂದು ತರಗತಿ ಮಾತ್ರ ಇರಲಿಲ್ಲ.

ಇಳಕಲ್ಲಿನ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಹೆಸರಾದ ಸೀಮೆಯ ನಡುವೆ ಇರುವ ಊರು ಗುಡೂರು. 1956ರ ನವೆಂಬರ್ 1ರವರೆಗೆ ಇದು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಜಿಲ್ಲೆ ಒಡೆದ ಮೇಲೆ ಬಾಗಲಕೋಟೆಯ ಪಾಲಿಗೆ ಬಂದಿತು. ಈ ಸೀಮೆಯ ನೇಕಾರರ ಮನೆಯ ಕೆಲಸ ಹೇಗೆಂಬುದನ್ನು ಬಲ್ಲವರು ಬಲ್ಲರು. ಗಂಡಸು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆ ಹೆಂಗಸು ಕಂಡಿಕೆ ಸುತ್ತಬೇಕು. ಹೊಲಕ್ಕೆ ಹೋಗುವ ಮನೆಯಾದರೆ ಇಬ್ಬರೂ ಬೆಳಗಿನಲ್ಲೇ ಹೊರಡಬೇಕು. ಆಗ ಕೂಸನ್ನು ನೋಡಿಕೊಳ್ಳುವವರಾರು? ಎಂಟು ಹತ್ತು ವರುಷದ ಅಕ್ಕ. ತಮ್ಮನನ್ನು ಬಗಲಿಗೇರಿಸಿಕೊಂಡ ಆ ಹುಡುಗಿಗೆ ಶಾಲೆ ತಪ್ಪುತ್ತಿತ್ತು. ಅಂದರೆ ಚಿಕ್ಕವರಿಗೆ ಶಾಲೆಯಿಲ್ಲದ ಕಾರಣ ದೊಡ್ಡವರಿಗೂ ಶಾಲೆಯಿಲ್ಲ. ಶಿಶುಶಿಕ್ಷಣದ ಪ್ರಶ್ನೆ ಮೊದಲಿನಿಂದಲೂ ಹೆಣ್ಣುಮಕ್ಕಳ ಪ್ರಶ್ನೆಯೂ ಆಗಿತ್ತು.

ಪಟ್ಟಣಗಳಲ್ಲಿ ಈ ವಿಚಾರ ಮೊದಲು ಮೊಳೆಯಿತು. ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮರುವರ್ಷ ಮಾರಿಯಾ ಮಾಂಟೆಸ್ಸರಿಯವರು ಮದರಾಸಿನ ಅಡ್ಯಾರಿಗೆ ಬಂದಿಳಿದು, ಮಹಾಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲಿಯೇ ಕಳೆದು, ಶಿಕ್ಷಕರನ್ನು ತರಬೇತುಗೊಳಿಸಿದರು. ಆದರೆ ಆ ಪದ್ಧತಿಯ ಮರದ ಸಾಮಗ್ರಿಗೆ ಬೇಕಾದ ಹಣ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ಮಾಂಟೆಸ್ಸರಿ ಎಂಬ ಹೆಸರು ಅನುಕೂಲಸ್ಥರ ಬಡಾವಣೆಗಳಲ್ಲಿಯೇ ಬೇರೂರಿತು.

ಇದನ್ನು ಹಳ್ಳಿಗೆ ತಂದವರು ತಾರಾಬಾಯಿ ಮೋಡಕರು. ಭಾವನಗರದ ದಕ್ಷಿಣಾಮೂರ್ತಿಯಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕರೊಡನೆ ದುಡಿದು ಪಳಗಿದ ಅವರು, 1945ರಲ್ಲಿ ಸಮುದ್ರ ತೀರದ ಬೋರ್ಡಿ ಎಂಬ ಊರಿಗೆ ಹೋಗಿ ನೆಲಸಿದರು. ಗುಡೂರಿನಂತೆ ಬೋರ್ಡಿಯೂ ಆಗ ಮುಂಬಯಿ ಪ್ರಾಂತದ ಊರೇ. ಅವರ ಜೊತೆಗೆ ಅನುತಾಯಿ ವಾಘ್ ಎಂಬ ಯುವ ವಿಧವೆ ನಿಂತರು. ಚಿಪ್ಪು, ಬೀಜ, ಎಲೆ, ಕಲ್ಲು ಮುಂತಾಗಿ ಊರಲ್ಲಿ ಸಿಕ್ಕಿದ್ದೇ ಅವರ ಪಾಠದ ಸಾಮಗ್ರಿ. ಆದರೂ ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಮಕ್ಕಳು ಬಾರದಿದ್ದರೆ ಶಾಲೆಯೇ ಹೋಗಬೇಕಷ್ಟೆ! ಕೇರಿಯ ಅಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿ, ಮೈ ತೊಳೆಸಿ, ಹಾಡಿಸಿ, ಆಡಿಸಿ ಕಲಿಸುವ ಕ್ರಮ ಹುಟ್ಟಿತು. ಅಂಗಳದಲ್ಲಿ ನಡೆಯುವುದರಿಂದ ಅದು ‘ಅಂಗನವಾಡಿ’. ನಮ್ಮ ಸರಕಾರದ ಕಡತಗಳಲ್ಲಿ ಇಂದು ಒಣಗಿದಂತೆ ಕಾಣುವ ಈ ಹೆಸರಿನಲ್ಲಿ ಇಷ್ಟು ಹಸಿಯಾದ ಅನುಭವವಿದೆ.

ಸ್ವಾತಂತ್ರ್ಯದ ಹೊಸತರಲ್ಲಿ ಆಸೆಗಳಿಗೆ ಕಡಿಮೆಯಿರಲಿಲ್ಲ. 1944ರ ಸಾರ್ಜೆಂಟ್ ಯೋಜನೆಯು ಹತ್ತು ಲಕ್ಷ ಮಕ್ಕಳಿಗೆ ಶಿಶುಶಾಲೆ ಬೇಕೆಂದು ಹೇಳಿತ್ತು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿ ಏರ್ಪಟ್ಟು, ಅದರ ನೆರವಿನಿಂದ ಹಳ್ಳಿಗಳಲ್ಲಿ ಬಾಲವಾಡಿಗಳು ತಲೆಯೆತ್ತಿದವು. ಕೊನೆಗೆ 1975ರ ಗಾಂಧೀಜಯಂತಿಯಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಎಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಹಬ್ಬಿದ ಬಳ್ಳಿ ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಾಗಿದೆ.

ತಾರಾಬಾಯಿಯವರ ಹೆಸರನ್ನು ಯೋಜನೆ ತೆಗೆದುಕೊಂಡಿತು. ಅವರ ಕಲಿಸುವ ಕೆಲಸ ಅದರೊಳಗೆ ಆರರಲ್ಲಿ ಒಂದಾಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಜೊತೆಗೆ ಶಾಲಾಪೂರ್ವ ಶಿಕ್ಷಣ. ಹಸಿದ ಕೂಸಿಗೆ ಮೊದಲು ಅನ್ನ ಎಂಬುದರಲ್ಲಿ ತಪ್ಪೇನೂ ಇಲ್ಲ. ಆದರೆ ತೂಕ ಮಾಡಿ ಬರೆದಿಡಬಹುದಾದ ಕೆಲಸ ಲೆಕ್ಕಕ್ಕೆ ಸಿಕ್ಕುತ್ತದೆ; ಹಾಡು ಕಲಿತದ್ದು ಯಾವ ರಿಜಿಸ್ಟರಿಗೂ ಸಿಕ್ಕುವುದಿಲ್ಲ.

ಕಾನೂನಿನ ಕಥೆ ಇನ್ನೂ ವಿಚಿತ್ರವಾದುದು. ಸಂವಿಧಾನದ 45ನೆಯ ವಿಧಿಯ ಮೊದಲಿನ ಮಾತು, ಹದಿನಾಲ್ಕು ವರ್ಷ ತುಂಬುವ ತನಕ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಎಂದಿತ್ತು. ಎಲ್ಲಿಂದ ಆರಂಭ ಎಂಬ ಗೆರೆ ಅಲ್ಲಿರಲಿಲ್ಲ. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಮೂಲಭೂತ ಹಕ್ಕೆಂದೇ ಹೇಳಿತು. ಆದರೆ 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗೆ ಎಂದು ಗೆರೆ ಎಳೆದು, ಆರರೊಳಗಿನವರನ್ನು ರಾಜ್ಯದ ‘ಪ್ರಯತ್ನ’ಕ್ಕೆ ಬಿಟ್ಟಿತು. ಬಿನ್ ಇಯತ್ತೆಯ ಕೂಸು ಮತ್ತೆ ಹೊಸ್ತಿಲಾಚೆ ಉಳಿಯಿತು.

ಆಮೇಲೆ ಮಾನದಂಡಗಳು ಬಂದವು. 2013ರ ರಾಷ್ಟ್ರೀಯ ನೀತಿಯು ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು ಶಿಕ್ಷಕರು, ಮೂವತ್ತು ಮಕ್ಕಳಿಗೆ 35 ಚದರ ಮೀಟರಿನ ಕೋಣೆ, ಆಡಲು 30 ಚದರ ಮೀಟರು ಬಯಲು, ದಿನಕ್ಕೆ ಮೂರು ನಾಲ್ಕು ಗಂಟೆಯ ಕಲಿಕೆ ಎಂದು ವಿಧಿಸಿತು. ಕಲಿಕೆ ತಾಯ್ನುಡಿಯಲ್ಲಿರಬೇಕೆಂದೂ ಹೇಳಿತು. ಅಳತೆಗಳೆಲ್ಲ ಸರಿಯೇ. ಆದರೆ ಆ ಮೂರು ನಾಲ್ಕು ಗಂಟೆ ಮಕ್ಕಳೊಡನೆ ಕೂರಬೇಕಾದವಳ ಗತಿಯೇನು? ಕಾರ್ಯಕರ್ತೆ ಒಬ್ಬಳು, ಸಹಾಯಕಿ ಒಬ್ಬಳು. ಗರ್ಭಿಣಿಯರ ಪಟ್ಟಿ, ಮನೆ ಭೇಟಿ, ಮಕ್ಕಳ ತೂಕ, 2017ರಿಂದ ಮಾತೃಪೂರ್ಣದ ಊಟ, 2021ರಿಂದ ಮೊಬೈಲಿನಲ್ಲಿ ತುಂಬಬೇಕಾದ ಲೆಕ್ಕ — ಎಲ್ಲವೂ ಅವಳದೇ. ಕೈಗೆ ಬರುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಅದು ಗೌರವಧನ.

ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲವೆಂದು ತೀರ್ಮಾನಿಸಿತು. 2022ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ, ಗುಜರಾತಿನ ಮೊಕದ್ದಮೆಯೊಂದರಲ್ಲಿ, ಇವರಿಗೆ ಗ್ರಾಚ್ಯುಯಿಟಿ ಸಲ್ಲಬೇಕು, ಗೌರವಧನವೂ ವೇತನವೇ ಎಂದಿತು. ಈ ಎರಡು ತೀರ್ಪುಗಳ ನಡುವೆ ಬೆಂಗಳೂರಿನ ಬೀದಿಗಳಲ್ಲಿ ಸಾವಿರಾರು ಹೆಂಗಸರು ಕುಳಿತೆದ್ದಿದ್ದಾರೆ. ಇಯತ್ತೆಯಿಲ್ಲದ ತರಗತಿಗೆ ಹುದ್ದೆಯಿಲ್ಲದ ಶಿಕ್ಷಕಿ, ಎಂಬಂತಾಯಿತು.

ಈ ನಡುವೆ ಕೈಯಲ್ಲಿ ನಾಲ್ಕು ಕಾಸು ಕಂಡವರು ಮಕ್ಕಳನ್ನು ಎಲ್‌ಕೆಜಿಗೆ ಕಳಿಸತೊಡಗಿದ್ದಾರೆ. ನಾವು ಪಟ್ಟಣದವರು ಮೊದಲೇ ಕಳಿಸಿದ್ದೇವೆ. ಅಂಗನವಾಡಿ ಬಡವರಿಗೆ ಮಾತ್ರ ಎಂದಾದ ದಿನ ಅದನ್ನು ಕೇಳುವ ಗಟ್ಟಿ ದನಿಯೂ ಅಡಗುತ್ತದೆ.

ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಹೂಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ಸಡಿಲವಾದರೆ ಎಷ್ಟು ಚೆಲುವಾದ ಸೆರಗೂ ನಿಲ್ಲದು. ಕೋಣೆ, ಊಟ, ಪಠ್ಯಕ್ರಮ ಇವನ್ನೆಲ್ಲ ಕೂಸಿಗೆ ಕೂಡಿಸುವ ಕೊಂಡಿ ಅಂಗನವಾಡಿಯ ಶಿಕ್ಷಕಿ. ಆಕೆಯನ್ನು ಶಿಕ್ಷಕಿಯೆಂದೇ ಬರೆದು, ಶಿಕ್ಷಕಿಯ ಸಂಬಳ ಕೊಟ್ಟು, ಕಲಿಸಲು ಬಿಡುವು ಮಾಡಿಕೊಟ್ಟಂದೇ ಗುಡೂರಿನ ನೇಕಾರರ ಕೂಸಿಗೂ ಒಂದು ಇಯತ್ತೆ ದೊರೆತಂತಾಗುವುದು.